ಶುಶ್ರೂಷಾ ಮಾಹಿತಿ ವಿಜ್ಞಾನ: ನಮ್ಮ ಮಕ್ಕಳಿಗೊಂದು ಹೊಸ ಕಾಯಕ

ಚರಕ ಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವು ಚಿಕಿತ್ಸೆಗೆ ನಾಲ್ಕು ಪಾದಗಳಿವೆಯೆಂದು ನಿರೂಪಿಸುತ್ತದೆ. ವೈದ್ಯ, ಔಷಧ, ಉಪಸ್ಥಾತೃ ಹಾಗೂ ರೋಗಿ ಎಂಬ ಈ ನಾಲ್ಕರಲ್ಲಿ ಒಂದು ಕುಂಟಿದರೂ ಚಿಕಿತ್ಸೆ ಕುಂಟುತ್ತದೆ. ಉಪಸ್ಥಾತೃವೆಂದರೆ ರೋಗಿಯ ಪಕ್ಕದಲ್ಲಿದ್ದು ಉಪಚರಿಸುವವರು. ಇಂದಿನ ಮಾತಿನಲ್ಲಿ ದಾದಿಯರು, ಶುಶ್ರೂಷಾಧಿಕಾರಿಗಳು. ಉಪಚಾರದ ಅರಿವು, ದಕ್ಷತೆ, ಅನುರಾಗ ಮತ್ತು ಶುಚಿತ್ವ ಎಂಬ ನಾಲ್ಕು ಗುಣಗಳು ಅವರಲ್ಲಿರಬೇಕೆಂದು ಆಚಾರ್ಯರು ವಿಧಿಸಿದ್ದಾರೆ. ನಮ್ಮ ಕಾಲವು ಈ ನಾಲ್ಕರ ಜೊತೆಗೆ ಐದನೆಯದೊಂದನ್ನು ಬೇಡುತ್ತಿದೆ. ಅದು ಕಂಡದ್ದನ್ನು ಕಂಡಂತೆಯೇ ದಾಖಲಿಸುವ ಗುಣ. ಆ ದಾಖಲೆಯೂ ಈಗ ಕೇಸ್ ಶೀಟಿನಿಂದ ಕಂಪ್ಯೂಟರಿಗೆ ಸ್ಥಳಾಂತರಗೊಳ್ಳುತ್ತಿದೆ. ಕಂಪ್ಯೂಟರಿನಲ್ಲಿ ಯಾವ ಕಾಲಂ ಇರಬೇಕು, ಯಾವುದು ಇರಬಾರದು ಎಂಬುದನ್ನು ಯಾರು ನಿರ್ಧರಿಸಬೇಕು? ರೋಗಿಯ ಮೈಮುಟ್ಟಿ ಶುಶ್ರೂಷೆ ಮಾಡಿದವರೇ ನಿರ್ಧರಿಸಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ. ನರ್ಸಿಂಗ್ ಓದಿದ, ಓದುತ್ತಿರುವ ಮಕ್ಕಳಿರುವ ಭಕ್ತಬಂಧುಗಳು ಈ ಮಾತನ್ನು ಮನಸ್ಸಿಟ್ಟು ಪರಿಶೀಲಿಸಬೇಕೆಂದು ಕೋರುತ್ತೇವೆ.

ಈ ಕೆಲಸವನ್ನು ನರ್ಸಿಂಗ್ ಇನ್ಫರ್ಮ್ಯಾಟಿಕ್ಸ್ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಶುಶ್ರೂಷಾ ಮಾಹಿತಿ ವಿಜ್ಞಾನ ಎನ್ನಬಹುದು. 1989ರಲ್ಲಿ ಗ್ರೇವ್ಸ್ ಮತ್ತು ಕೊರ್ಕೊರನ್ ಎಂಬ ವಿದ್ವಾಂಸರು ಇದನ್ನು ಗಣಕ ವಿಜ್ಞಾನ, ಮಾಹಿತಿ ವಿಜ್ಞಾನ ಮತ್ತು ಶುಶ್ರೂಷಾ ವಿಜ್ಞಾನಗಳ ಸಂಗಮವೆಂದು ವಿವರಿಸಿದರು. ಅಮೆರಿಕದ ದಾದಿಯರ ಸಂಘವು 1992ರಲ್ಲಿ ಇದಕ್ಕೆ ಶುಶ್ರೂಷೆಯ ಒಂದು ವಿಶೇಷ ಶಾಖೆಯೆಂಬ ಮಾನ್ಯತೆ ನೀಡಿತು. 1995ರಿಂದ ಅಲ್ಲಿ ಇದಕ್ಕೊಂದು ಪ್ರಮಾಣಪತ್ರ ಪರೀಕ್ಷೆಯೂ ನಡೆಯುತ್ತಿದೆ.

ಹೆಸರು ಹೊಸದಾದರೂ ಕೆಲಸ ಹೊಸದಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ನಾವೆಲ್ಲರೂ ದೀಪ ಹಿಡಿದ ಮಹಿಳೆಯೆಂದೇ ಬಲ್ಲೆವು. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗೆಂದು ಸ್ಕುಟಾರಿಯ ಆಸ್ಪತ್ರೆಗೆ ಹೋದ ಆಕೆ ದೀಪದೊಡನೆ ಲೆಕ್ಕದ ಪುಸ್ತಕವನ್ನೂ ಹಿಡಿದಿದ್ದರು. ಸೈನಿಕರು ಗಾಯಗಳಿಗಿಂತ ಹೆಚ್ಚಾಗಿ ಕೊಳಕಿನಿಂದ ಹರಡುವ ರೋಗಗಳಿಂದ ಸಾಯುತ್ತಿದ್ದರೆಂಬ ಸತ್ಯವನ್ನು 1858ರಲ್ಲಿ ಒಂದು ವೃತ್ತಾಕಾರದ ಚಿತ್ರದ ಮೂಲಕ ಆಳುವವರ ಕಣ್ಣಿಗೆ ಕಟ್ಟುವಂತೆ ತೋರಿಸಿದರು. ಅದೇ ವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ಅವರನ್ನು ತನ್ನ ಮೊದಲ ಮಹಿಳಾ ಸದಸ್ಯೆಯನ್ನಾಗಿ ಆರಿಸಿಕೊಂಡಿತು. ಪ್ರತಿ ಆಸ್ಪತ್ರೆಯೂ ಒಂದೇ ಕ್ರಮದಲ್ಲಿ ದಾಖಲೆ ಇಡಬೇಕೆಂದು ಆಕೆ ಬಹುಕಾಲ ವಾದಿಸಿದರು. ದಾದಿಯ ಕರುಣೆಗೆ ಲೆಕ್ಕದ ಬಲ ಸೇರಿದಾಗ ಏನಾಗಬಲ್ಲದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಕಾಲಂಗಳನ್ನು ನಿರ್ಧರಿಸುವುದು ಅಷ್ಟು ದೊಡ್ಡ ಸಂಗತಿಯೇ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಆಯುರ್ವೇದದಿಂದಲೇ ಒಂದು ಉದಾಹರಣೆ ಕೊಡುತ್ತೇವೆ. ವಿರೇಚನ ಕರ್ಮದಲ್ಲಿ ರೋಗಿಗೆ ಎಷ್ಟು ವೇಗಗಳಾದವು ಎಂದು ಎಣಿಸುತ್ತೇವೆ. 30 ವೇಗಗಳಾದರೆ ಪ್ರವರ ಶುದ್ಧಿ, 20 ಆದರೆ ಮಧ್ಯಮ, 10 ಆದರೆ ಅವರ ಶುದ್ಧಿ. ಕೊನೆಯಲ್ಲಿ ಕಫ ಕಾಣಿಸಿಕೊಂಡಿತೇ ಎಂಬುದನ್ನೂ ನೋಡಬೇಕು. ಇದನ್ನು ಅವಲಂಬಿಸಿಯೇ ಮುಂದಿನ ಸಂಸರ್ಜನ ಕ್ರಮ, ಅಂದರೆ ಗಂಜಿಯಿಂದ ತೊಡಗಿ ಸಹಜ ಆಹಾರಕ್ಕೆ ಮರಳುವ ಪಥ್ಯವು 7 ದಿನವೋ, 5 ದಿನವೋ, 3 ದಿನವೋ ಎಂದು ನಿಶ್ಚಯವಾಗುತ್ತದೆ. ಇವೆಲ್ಲವನ್ನೂ ಹೊತ್ತು ಹೊತ್ತಿಗೆ ಕಂಡು ಬರೆಯುವವರು ಶುಶ್ರೂಷಕಿಯರು. ಆದರೆ ಬೇರೆ ಪದ್ಧತಿಯ ಆಸ್ಪತ್ರೆಗಾಗಿ ರೂಪಿಸಿದ ತಂತ್ರಾಂಶವನ್ನು ತಂದು ಆಯುರ್ವೇದ ಆಸ್ಪತ್ರೆಯಲ್ಲಿ ಕೂರಿಸಿದರೆ ಅದರಲ್ಲಿ ವೇಗಕ್ಕೆ ಕಾಲಂ ಇರುವುದಿಲ್ಲ. ಶುಶ್ರೂಷಕಿ ಅದನ್ನು ‘ಷರಾ’ ಎಂಬಲ್ಲಿ ತನಗೆ ತೋಚಿದಂತೆ ಬರೆಯುತ್ತಾಳೆ. ವರ್ಷದ ಕೊನೆಯಲ್ಲಿ ಎಷ್ಟು ಜನರಿಗೆ ಪ್ರವರ ಶುದ್ಧಿಯಾಯಿತೆಂದು ಕೇಳಿದರೆ ಕಂಪ್ಯೂಟರಿನಲ್ಲಿ ಉತ್ತರವಿರುವುದಿಲ್ಲ. ಕಾಲಂ ಇಲ್ಲದ್ದು ಲೆಕ್ಕಕ್ಕಿಲ್ಲ. ಲೆಕ್ಕಕ್ಕೆ ಸಿಗದ್ದು ಕ್ರಮೇಣ ಶಾಸ್ತ್ರದಿಂದಲೇ ಜಾರಿಹೋಗುತ್ತದೆ.

ಆಧುನಿಕ ಆಸ್ಪತ್ರೆಗಳಲ್ಲಿ ಇದು ಪ್ರಾಣದ ಪ್ರಶ್ನೆಯೂ ಹೌದು. ಇನ್ಸುಲಿನ್ 10 ಯೂನಿಟ್ ಎಂಬುದನ್ನು ಅಂಕಿಯ ಪಕ್ಕದಲ್ಲಿ ಇಂಗ್ಲಿಷಿನ ‘ಯು’ ಅಕ್ಷರವಿಟ್ಟು ಅವಸರದಲ್ಲಿ ಬರೆದರೆ ಆ ಅಕ್ಷರ ಸೊನ್ನೆಯಂತೆ ತೋರಿ 100 ಆಗಿಬಿಡುವ ಅಪಾಯವಿದೆ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ ಎಂಬ ಐದು ನಿಯಮಗಳನ್ನು ಪ್ರತಿ ದಾದಿಯೂ ಕಲಿತಿರುತ್ತಾಳೆ. ರೋಗಿಯ ಕೈಪಟ್ಟಿಯನ್ನೂ ಔಷಧದ ಪಟ್ಟಿಯನ್ನೂ ಯಂತ್ರಕ್ಕೆ ತೋರಿಸಿ ತಾಳೆ ನೋಡುವ ವ್ಯವಸ್ಥೆಯು ಈ ನಿಯಮಗಳಿಗೆ ನೆರವಾಗುತ್ತದೆ. ಆದರೆ ಅದೇ ಯಂತ್ರವು ಸಣ್ಣಪುಟ್ಟದಕ್ಕೆಲ್ಲ ಎಚ್ಚರಿಕೆಯ ಗಂಟೆ ಬಾರಿಸತೊಡಗಿದರೆ ದಾದಿ ಓದದೆಯೇ ಗುಂಡಿ ಒತ್ತುವ ರೂಢಿಗೆ ಬೀಳುತ್ತಾಳೆ. ಆಗ ನಿಜವಾದ ಎಚ್ಚರಿಕೆಯೂ ವ್ಯರ್ಥವಾಗುತ್ತದೆ. ಯಾವುದಕ್ಕೆ ಗಂಟೆ ಬಾರಿಸಬೇಕು, ಯಾವುದಕ್ಕೆ ಬೇಡ ಎಂಬ ವಿವೇಕವು ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡಿದವರಲ್ಲಿರುತ್ತದೆ. ತಂತ್ರಾಂಶ ಬರೆಯುವ ಎಂಜಿನಿಯರ್ ಎಷ್ಟೇ ಜಾಣನಾದರೂ ಅವನಿಗೆ ಇದನ್ನು ದಾದಿಯೇ ತಿಳಿಸಿಕೊಡಬೇಕು. ಹಾಗೆ ತಿಳಿಸುವವರಿಲ್ಲದ ಕಡೆ ದಾದಿಯರು ಒಮ್ಮೆ ಕಾಗದದಲ್ಲಿ, ಮತ್ತೊಮ್ಮೆ ಕಂಪ್ಯೂಟರಿನಲ್ಲಿ ಒಂದನ್ನೇ ಎರಡು ಸಲ ಬರೆಯುತ್ತ ಕೂರುವುದನ್ನು ನಾವು ಕಂಡಿದ್ದೇವೆ. ಆ ಹೊತ್ತೆಲ್ಲ ರೋಗಿಗೆ ಸಲ್ಲಬೇಕಾದದ್ದು.

ನಮ್ಮ ದೇಶದಲ್ಲಿ ಇದಕ್ಕೆ ನೆಲ ಹದವಾಗುತ್ತಿದೆ. ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಮಾನದಂಡಗಳನ್ನು ಕೇಂದ್ರ ಸರ್ಕಾರವು 2013ರಲ್ಲಿ ಪ್ರಕಟಿಸಿ 2016ರಲ್ಲಿ ಪರಿಷ್ಕರಿಸಿತು. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್ 27ರಂದು ದೇಶವ್ಯಾಪಿಯಾಗಿ ಆರಂಭವಾಯಿತು. ಆಸ್ಪತ್ರೆಯ ನೋಂದಣಿ ಕಿಟಕಿಯಲ್ಲಿ ತಮ್ಮನ್ನು ಕೇಳುವ 14 ಅಂಕಿಗಳ ‘ಆಭಾ’ ಸಂಖ್ಯೆ ಇದರದೇ. ತಾಯಿ ಕಾರ್ಡಿನಲ್ಲಿ ಬರೆಯುವ ಗರ್ಭಿಣಿಯರ ವಿವರಗಳನ್ನು ಟ್ಯಾಬ್‌ಗೆ ತುಂಬಿಸಲೆಂದು ಹಳ್ಳಿಯ ಆರೋಗ್ಯ ಸಹಾಯಕಿಯರಿಗೆ ‘ಅನ್ಮೋಲ್’ ಎಂಬ ಆ್ಯಪ್ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿಗೆ 2024ರ ಜನವರಿಯಲ್ಲಿ ಆಯುರ್ವೇದ, ಸಿದ್ಧ, ಯುನಾನಿ ಪದ್ಧತಿಗಳ ರೋಗನಾಮಗಳೂ ಸೇರಿದವು. ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಪರಿಷ್ಕರಿಸಿದ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದ ಮೊದಲ ವರ್ಷದಲ್ಲಿಯೇ ಆರೋಗ್ಯ ಹಾಗೂ ಶುಶ್ರೂಷಾ ಮಾಹಿತಿ ವಿಜ್ಞಾನವನ್ನು ಒಂದು ವಿಷಯವನ್ನಾಗಿ ಇರಿಸಲಾಗಿದೆ. ಅದನ್ನು ಪರೀಕ್ಷೆಗೆಂದು ಓದಿ ಮರೆಯುವ ವಿಷಯವೆಂದು ಮಕ್ಕಳು ಭಾವಿಸಬಾರದು.

ಹಾಗಾದರೆ ಈ ಹಾದಿಯಲ್ಲಿ ಹೆಜ್ಜೆಯಿಡುವುದು ಹೇಗೆ? ನಮ್ಮ ಮೊದಲ ಸಲಹೆ ಕೆಲವು ತರುಣರಿಗೆ ರುಚಿಸದಿರಬಹುದು. ಪದವಿ ಮುಗಿದೊಡನೆ ಕಂಪ್ಯೂಟರಿನ ಮುಂದೆ ಕೂರಬೇಡಿ. ವಾರ್ಡಿನಲ್ಲೋ ತೀವ್ರ ನಿಗಾ ಘಟಕದಲ್ಲೋ ಎರಡು ಮೂರು ವರ್ಷ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ದುಡಿಯಿರಿ. ಪಾಳಿ ಬದಲಾಗುವ ಹೊತ್ತಿನಲ್ಲಿ ಒಬ್ಬರಿಂದೊಬ್ಬರಿಗೆ ದಾಟಬೇಕಾದ ಮಾತು ಯಾವುದು, ಅದು ಎಲ್ಲಿ ತಪ್ಪಿಹೋಗುತ್ತದೆ ಎಂಬುದು ಅಲ್ಲಿ ನಿಂತವರಿಗೇ ತಿಳಿಯುವುದು. ಅಮೆರಿಕದ ಪ್ರಮಾಣಪತ್ರ ಪರೀಕ್ಷೆಗೂ ನೋಂದಾಯಿತ ದಾದಿಯಾಗಿ ಎರಡು ವರ್ಷ ಪೂರ್ಣಾವಧಿ ದುಡಿದಿರಬೇಕೆಂಬ ನಿಯಮವಿದೆ. ರಾತ್ರಿ ಪಾಳಿಯಿಂದ ತಪ್ಪಿಸಿಕೊಳ್ಳುವುದೇ ಉದ್ದೇಶವಾದರೆ ಈ ಹಾದಿ ಬೇಡ.

ಎರಡನೆಯದಾಗಿ, ತಮ್ಮ ವಾರ್ಡಿಗೆ ಹೊಸ ತಂತ್ರಾಂಶ ಬಂದಾಗ ಹಿಂದೆ ಸರಿಯದೆ ಅದನ್ನು ಮೊದಲು ಕಲಿಯಿರಿ, ಉಳಿದವರಿಗೆ ಕಲಿಸಿರಿ. ಆಸ್ಪತ್ರೆಗಳಲ್ಲಿ ಇಂಥವರನ್ನು ‘ಸೂಪರ್ ಯೂಸರ್’ ಎನ್ನುತ್ತಾರೆ. ಎಷ್ಟೋ ಮಂದಿ ಈ ವೃತ್ತಿಗೆ ಬರುವುದು ಈ ಬಾಗಿಲಿನಿಂದಲೇ. ಮೂರನೆಯದಾಗಿ, ಎಕ್ಸೆಲ್ ಕೋಷ್ಟಕಗಳಿಂದ ಆರಂಭಿಸಿ, ದತ್ತಾಂಶವನ್ನು ಕೇಳಿ ಪಡೆಯುವ ಎಸ್‌ಕ್ಯೂಎಲ್ ಭಾಷೆಯನ್ನು ಅಭ್ಯಾಸ ಮಾಡಿರಿ. ವೈದ್ಯಕೀಯ ಪದಗಳಿಗೆ ಸಂಕೇತ ಕೊಡುವ ಸ್ನೋಮೆಡ್ ಸಿಟಿ, ಆಸ್ಪತ್ರೆಯಿಂದ ಆಸ್ಪತ್ರೆಗೆ ದಾಖಲೆ ಸಾಗಿಸುವ ‘ಫೈರ್’ ಎಂಬ ಮಾನದಂಡ, ಇವುಗಳ ಪರಿಚಯ ಮಾಡಿಕೊಳ್ಳಿರಿ. ಭಾರತವು ಸದಸ್ಯ ರಾಷ್ಟ್ರವಾದ ಕಾರಣ ಸ್ನೋಮೆಡ್ ಸಿಟಿಯ ಬಳಕೆಗೆ ಇಲ್ಲಿ ಶುಲ್ಕವಿಲ್ಲ. ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿರುವ ರಾಷ್ಟ್ರೀಯ ಕೇಂದ್ರವು ಅದನ್ನು ಒದಗಿಸುತ್ತದೆ.

ನಾಲ್ಕನೆಯದನ್ನು ನಾವು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇವೆ. ತಮ್ಮ ವಾರ್ಡಿನ ಒಂದೇ ಒಂದು ಸಮಸ್ಯೆಯನ್ನು ಕೈಗೆತ್ತಿಕೊಳ್ಳಿರಿ. ಬಹುಕಾಲ ಮಲಗಿದ ರೋಗಿಗಳ ಬೆನ್ನಿನಲ್ಲಿ ಏಳುವ ಹಾಸಿಗೆ ಹುಣ್ಣು ಇರಬಹುದು, ವೃದ್ಧರು ಮಂಚದಿಂದ ಬೀಳುವುದಿರಬಹುದು. ಮೂರು ತಿಂಗಳು ಎಣಿಸಿರಿ. ಮಗ್ಗುಲು ಬದಲಿಸಿದ ಹೊತ್ತನ್ನು ಬರೆಯುವ ನಮೂನೆಯನ್ನು ತಿದ್ದಿರಿ. ಮತ್ತೆ ಮೂರು ತಿಂಗಳು ಎಣಿಸಿರಿ. ಅದರಿಂದ ತಿಳಿದದ್ದನ್ನು ನಾಲ್ಕು ಪುಟಗಳಲ್ಲಿ ಬರೆದಿಟ್ಟರೆ, ಕೆಲಸ ಕೊಡುವವರ ಮುಂದೆ ಯಾವ ದುಬಾರಿ ಪ್ರಮಾಣಪತ್ರಕ್ಕಿಂತಲೂ ಅದಕ್ಕೆ ಹೆಚ್ಚಿನ ತೂಕವಿರುತ್ತದೆ. ಉದ್ಯೋಗ ಖಚಿತವೆಂದು ಆಸೆ ತೋರಿಸಿ ಲಕ್ಷಗಟ್ಟಲೆ ಹಣ ಕೇಳುವ ಕೋರ್ಸುಗಳಿಗೆ ಸಾಲ ಮಾಡಿ ಸೇರಬಾರದೆಂದು ಪಾಲಕರಿಗೆ ಒತ್ತಿ ಹೇಳುತ್ತೇವೆ. ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿಯನ್ನು ಮಾತ್ರ ಎಂದಿಗೂ ಬಿಟ್ಟುಕೊಡಬಾರದು.

ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಈ ಹೆಸರಿನ ಹುದ್ದೆಗಳು ಇನ್ನೂ ವಿರಳ. ಆಸ್ಪತ್ರೆಯ ಗುಣಮಟ್ಟ ವಿಭಾಗದಲ್ಲಿ, ಮಾಹಿತಿ ತಂತ್ರಜ್ಞಾನ ವಿಭಾಗದಲ್ಲಿ, ಆಸ್ಪತ್ರೆ ತಂತ್ರಾಂಶ ಸಿದ್ಧಪಡಿಸುವ ಕಂಪನಿಗಳಲ್ಲಿ ಬೇರೆ ಬೇರೆ ಹೆಸರಿನಿಂದ ಇದೇ ಕೆಲಸ ನಡೆಯುತ್ತದೆ. ಹೆಸರನ್ನು ನೋಡದೆ ಕೆಲಸವನ್ನು ನೋಡಿ ಅರ್ಜಿ ಹಾಕಬೇಕು.

ಮನೆಯ ಹಿರಿಯರಲ್ಲಿ ಒಂದು ಶಂಕೆ ಇರುವುದನ್ನು ನಾವು ಬಲ್ಲೆವು. ‘ರೋಗಿಯ ಸೇವೆ ಮಾಡಲೆಂದು ಓದಿಸಿದೆವು, ಮಗಳು ಕಂಪ್ಯೂಟರಿನ ಮುಂದೆ ಕುಳಿತರೆ ಅದು ಸೇವೆಯೇ?’ ಎಂದು ಕೇಳುತ್ತಾರೆ. ಬಸವಣ್ಣನವರು ಬಿಜ್ಜಳನ ಭಂಡಾರದಲ್ಲಿ ಕರಣಿಕರಾಗಿ ಕಾಯಕ ಆರಂಭಿಸಿದರೆಂಬುದನ್ನು ನಮ್ಮ ಪರಂಪರೆ ತಿಳಿಸುತ್ತದೆ. ಲೆಕ್ಕ ಬರೆಯುವುದನ್ನು ಅವರು ಕೀಳೆಂದು ಬಗೆಯಲಿಲ್ಲ; ಶುದ್ಧವಾಗಿ ಬರೆದ ಲೆಕ್ಕ ಪ್ರಜೆಗಳ ರಕ್ಷಣೆ. ಹಾಗೆಯೇ ಶುದ್ಧವಾಗಿ ಇಟ್ಟ ದಾಖಲೆ ರೋಗಿಯ ರಕ್ಷಣೆ. ವಾರ್ಡಿನ ದಾದಿಯೊಬ್ಬಳು ಒಂದು ಪಾಳಿಯಲ್ಲಿ ಹತ್ತು ಹದಿನೈದು ಜನರನ್ನು ನೋಡಿಕೊಂಡರೆ, ಸರಿಯಾದ ನಮೂನೆ ರೂಪಿಸಿದ ದಾದಿ ತಾನು ಕಾಣದ ಸಾವಿರಾರು ರೋಗಿಗಳನ್ನು ಕಾಯುತ್ತಾಳೆ. ಮದುವೆ, ಬಾಣಂತನ, ಬೆನ್ನುನೋವುಗಳ ಕಾರಣದಿಂದ ರಾತ್ರಿ ಪಾಳಿ ಮಾಡಲಾಗದೆ ವೃತ್ತಿಯನ್ನೇ ತೊರೆದು ಮನೆಯಲ್ಲಿ ಕುಳಿತ ಅನುಭವಿ ದಾದಿಯರು ಪ್ರತಿ ಊರಿನಲ್ಲಿಯೂ ಇದ್ದಾರೆ. ಅವರು ವಾರ್ಡಿನಲ್ಲಿ ಗಳಿಸಿದ ಅರಿವು ಅಡುಗೆಮನೆಯಲ್ಲಿ ಕರಗಿಹೋಗುತ್ತಿದೆ. ಅವರು ಮರಳಿ ವೃತ್ತಿಗೆ ಬರಲು ಇದೊಂದು ಗೌರವದ ಬಾಗಿಲು.

ಈ ಕಾಯಕಕ್ಕೂ ಒಂದು ನೇಮ ಬೇಕು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಹಿಂದಿರುಗಿಸಿ ಬರುವಂತೆ ತಿಳಿಹೇಳಿದ ಪ್ರಸಂಗವನ್ನು ಭಕ್ತರೆಲ್ಲರೂ ಕೇಳಿದ್ದೀರಿ. ರೋಗಿಯ ಮಾಹಿತಿಯೂ ಆ ಅಕ್ಕಿಯಂತೆ. ಚಿಕಿತ್ಸೆಗೆ ಬೇಕಾದಷ್ಟನ್ನೇ ಕೇಳಬೇಕು; ಮುಂದೆಂದಾದರೂ ಬೇಕಾದೀತೆಂದು ಕೂಡಿಡಬಾರದು. ಒಬ್ಬ ಹೆಣ್ಣುಮಗಳ ಗರ್ಭಪಾತದ ವಿವರ, ಒಬ್ಬ ತರುಣನ ಮನೋರೋಗದ ವಿವರ ಅನ್ಯರ ಕೈಸೇರಿದರೆ ಆಗುವ ಹಾನಿಯನ್ನು ಯಾವ ಔಷಧವೂ ವಾಸಿಮಾಡದು. ಆಭಾ ಸಂಖ್ಯೆ ಪಡೆಯುವುದು ಸ್ವಇಚ್ಛೆಗೆ ಬಿಟ್ಟದ್ದು; ಅದರ ಮೂಲಕ ದಾಖಲೆಗಳನ್ನು ಹಂಚಿಕೊಳ್ಳಲು ರೋಗಿಯ ಸಮ್ಮತಿ ಬೇಕೇ ಬೇಕು. ಈ ಸಮ್ಮತಿಯನ್ನು ಓದು ಬಾರದ ಅಜ್ಜಿಗೂ ಅರ್ಥವಾಗುವಂತೆ ವಿವರಿಸಿ ಪಡೆಯುವುದು ದಾದಿಗೆ ಮಾತ್ರ ಸಾಧ್ಯವಾಗುವ ಕೆಲಸ.

ನಮ್ಮ ಭಕ್ತರಲ್ಲಿ ಆಸ್ಪತ್ರೆಗಳನ್ನೂ ನರ್ಸಿಂಗ್ ಕಾಲೇಜುಗಳನ್ನೂ ನಡೆಸುವವರಿದ್ದಾರೆ. ಅವರಲ್ಲಿ ನಮ್ಮದೊಂದು ವಿನಂತಿ. ಮುಂದಿನ ಸಲ ತಂತ್ರಾಂಶ ಕೊಳ್ಳುವಾಗ ಬೆಲೆ ಮಾತಾಡುವ ಮೇಜಿನ ಸುತ್ತ ಕನಿಷ್ಠ ಇಬ್ಬರು ಹಿರಿಯ ದಾದಿಯರನ್ನು ಕೂರಿಸಿಕೊಳ್ಳಿರಿ. ಅವರು ಬೇಡವೆಂದ ಕಾಲಂ ತೆಗೆಯಿರಿ, ಬೇಕೆಂದದ್ದನ್ನು ಸೇರಿಸಿರಿ. ನೂರು ಹಾಸಿಗೆಗಳ ಆಸ್ಪತ್ರೆಯಾದರೆ ಒಬ್ಬ ದಾದಿಯನ್ನಾದರೂ ವಾರ್ಡಿನ ಹೊಣೆಯಿಂದ ಬಿಡಿಸಿ ಈ ಕಾಯಕಕ್ಕೆಂದೇ ಇರಿಸಿರಿ. ವಾರ್ಡಿನ ಕೆಲಸದ ಮೇಲೆ ಇದನ್ನೂ ಹೊರಿಸಿ ಕೈತೊಳೆದುಕೊಳ್ಳಬೇಡಿರಿ. ನಾಲ್ಕು ಪಾದಗಳಲ್ಲಿ ಮೂರನೆಯದನ್ನು ನಾವು ಬಹುಕಾಲದಿಂದ ಮಾತು ಕೇಳುವವರೆಂದಷ್ಟೇ ನಡೆಸಿಕೊಂಡಿದ್ದೇವೆ. ಇನ್ನು ಮುಂದಾದರೂ ಅವರ ಮಾತನ್ನು ನಾವು ಕೇಳಬೇಕು.