ಕಂದು ರೋಗಕ್ಕೆ ಹೊಣೆ ಹಸುವಲ್ಲ

ಏಳು ತಿಂಗಳ ಗಬ್ಬದ ಹಸು ಕಂದು ಹಾಕಿತೆಂದರೆ ನಮ್ಮ ಊರುಗಳಲ್ಲಿ ಕಾರಣಗಳಿಗೆ ಬರವಿಲ್ಲ. ಯಾರದೋ ದೃಷ್ಟಿ ತಾಗಿತು, ಗುಡ್ಡದಲ್ಲಿ ಜಾರಿ ಬಿದ್ದಿತು, ಕಾಡಿನಲ್ಲಿ ಏನೋ ಸೊಪ್ಪು ತಿಂದಿತು, ದೇವರಿಗೆ ಹೇಳಿಕೊಂಡ ಹರಕೆ ಬಾಕಿಯಿತ್ತು. ಈ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣಿಸದ ಕಾರಣವೊಂದಿದೆ: ರಕ್ತ ಪರೀಕ್ಷೆಯಿಲ್ಲದೆ ಹಸುವನ್ನು ಕೊಂಡು ತಂದದ್ದು.

ಇದನ್ನು ಬರೆಯುವ ನಾನೂ ಆ ತಪ್ಪಿನಿಂದ ಹೊರತಲ್ಲ. ಕೃಷಿ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದೂ, ಕೆಲವು ವರ್ಷಗಳ ಹಿಂದೆ ಬಯಲುಸೀಮೆಯಿಂದ ಗಬ್ಬದ ಮಿಶ್ರತಳಿ ಹಸುವೊಂದನ್ನು ಹಲ್ಲು ನೋಡಿ, ಕೆಚ್ಚಲು ನೋಡಿ ತಂದೆ, ರಕ್ತ ನೋಡಲಿಲ್ಲ. ತಂದ ನಾಲ್ಕನೆಯ ತಿಂಗಳಲ್ಲಿ ಅದು ಕಂದು ಹಾಕಿತು. ಮಾಸು ಬೀಳಲಿಲ್ಲ. ಬರಿಗೈಯಲ್ಲಿ ಅದನ್ನು ತೆಗೆದವರು ನಮ್ಮ ಕೊಟ್ಟಿಗೆ ಕೆಲಸಕ್ಕೆ ಬರುತ್ತಿದ್ದ ಹೆಂಗಸು. ಮುಂದಿನ ಮಳೆಗಾಲದೊಳಗೆ ನಮ್ಮ ಎರಡು ಗಿಡ್ಡ ಹಸುಗಳೂ ಕಂದು ಹಾಕಿದವು. ಆಕೆಗೆ ಸಂಜೆಯಾದರೆ ಜ್ವರ, ಮೈತುಂಬ ಬೆವರು, ಸೊಂಟ ಎತ್ತಲಾರದಷ್ಟು ನೋವು. ಟೈಫಾಯಿಡ್ ಎಂದರು, ಮಲೇರಿಯಾ ಎಂದರು. 1957ರಿಂದ ಮಂಗನ ಕಾಯಿಲೆ ಕಂಡ ಸೀಮೆಯಾದ್ದರಿಂದ ಆ ಭಯವೂ ಕಾಡಿತು. ನಾಲ್ಕು ತಿಂಗಳ ಮೇಲೆ ವೈದ್ಯರೊಬ್ಬರು “ದನದ ಕೆಲಸ ಮಾಡುತ್ತೀರಾ?” ಎಂದು ಕೇಳಿದಾಗಲೇ ಬ್ರುಸೆಲ್ಲೋಸಿಸ್ ಹೊರಬಿದ್ದದ್ದು. ಆರು ವಾರ ಎಡೆಬಿಡದೆ ಔಷಧಿ ನುಂಗಿ ಆಕೆ ಎದ್ದರು. ಆಕೆ ಕಳೆದುಕೊಂಡ ಕೂಲಿಗೆ ಹೊಣೆ ಯಾರು? ನಾನೇ.

ರೋಗ ಹೊಸದಲ್ಲ. 1887ರಲ್ಲಿ ಡೇವಿಡ್ ಬ್ರೂಸ್ ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಸೈನಿಕರಲ್ಲಿ ಈ ಕುಲದ ರೋಗಾಣುವನ್ನು ಗುರುತಿಸಿದರು. 1897ರಲ್ಲಿ ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ ಕಂದು ಹಾಕುವ ಹಸುಗಳಲ್ಲಿ ಅದರ ಸೋದರನನ್ನು ಕಂಡರು. ಇಂದು ಅದನ್ನು ಬ್ರುಸೆಲ್ಲಾ ಅಬಾರ್ಟಸ್ ಎನ್ನುತ್ತೇವೆ. ನಮ್ಮ ದೇಶದಲ್ಲಿ ಇದರ ಪ್ರಮಾಣವೆಷ್ಟು? 23 ರಾಜ್ಯಗಳ 30,437 ಮಾದರಿಗಳನ್ನು ಪರೀಕ್ಷಿಸಿ 1998ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ದನಗಳಲ್ಲಿ ಶೇಕಡಾ 1.9, ಎಮ್ಮೆಗಳಲ್ಲಿ ಶೇಕಡಾ 1.8 ಎಂದಿತು. “ಇಷ್ಟೇ ತಾನೆ?” ಎನ್ನುವವರಿಗೆ ಒಂದು ಮಾತು. ಈ ರೋಗ ಊರ ತುಂಬ ಸಮವಾಗಿ ಹರಡಿರುವುದಿಲ್ಲ. ಹತ್ತು ಕೊಟ್ಟಿಗೆಗಳಲ್ಲಿ ಒಂದೂ ಇರದೆ, ಹನ್ನೊಂದನೆಯದರಲ್ಲಿ ಅರ್ಧ ದನಗಳಿಗೆ ತಗುಲಿರಬಹುದು. ಸರಾಸರಿಯ ಅಂಕಿ ಆ ಹನ್ನೊಂದನೆಯ ಮನೆಯವರ ಸಂಕಟವನ್ನು ಹೇಳಲಾರದು.

ಅದು ಹನ್ನೊಂದನೆಯ ಮನೆಗೆ ಬರುವ ದಾರಿಗಳೂ ಗೊತ್ತಿರುವಂಥವೇ. ಪರೀಕ್ಷಿಸದ ಹಸುವನ್ನು ತಂದು ಅಂದೇ ಉಳಿದ ದನಗಳ ಸಾಲಿನಲ್ಲಿ ಕಟ್ಟುವುದು. ಒಂದೇ ಸೂರಿನಡಿ ಹೆಚ್ಚು ಹೆಚ್ಚು ದನಗಳನ್ನು ತುಂಬುವುದು. ಕರು ಹಾಕುವ ಹಸುವಿಗೆ ಬೇರೆ ಜಾಗವಿಲ್ಲದಿರುವುದು. ಕಂದನ್ನೂ ಮಾಸನ್ನೂ ಗೊಬ್ಬರದ ಗುಂಡಿಗೆ ಎಸೆಯುವುದು, ಇಲ್ಲವೇ ಹಾಲು ಹೆಚ್ಚಲೆಂದು ಮಾಸನ್ನು ಆಲದ ಮರಕ್ಕೆ ಕಟ್ಟುವುದು. ಅಲ್ಲಿಂದ ಅದನ್ನು ನಾಯಿ ಕಾಗೆಗಳು ಊರೆಲ್ಲ ಎಳೆದಾಡುವುದು. ಬಿಸಿಲಿಗೆ ಬೇಗ ಸಾಯುವ ಈ ರೋಗಾಣು ತೇವವೂ ನೆರಳೂ ಇರುವೆಡೆ ತಿಂಗಳುಗಟ್ಟಲೆ ಬದುಕಬಲ್ಲದು. ತೇವಕ್ಕೂ ನೆರಳಿಗೂ ನಮ್ಮ ಮಲೆನಾಡಿನಲ್ಲಿ ಕೊರತೆಯುಂಟೇ?

ಎಲ್ಲಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ಸೋಂಕು ತಗುಲಿದ ಹಸು ಸಾಮಾನ್ಯವಾಗಿ ಒಮ್ಮೆ ಮಾತ್ರ ಕಂದು ಹಾಕುತ್ತದೆ. ಮುಂದಿನ ಸಲ ದಿನ ತುಂಬಿ ಕರು ಹಾಕುತ್ತದೆ. ನಾವು ವಾಸಿಯಾಯಿತೆಂದು ನೆಮ್ಮದಿಪಡುತ್ತೇವೆ. ರೋಗಾಣು ಮಾತ್ರ ಹಾಲಿನಲ್ಲಿ, ಕರು ಹಾಕಿದಾಗಿನ ಸ್ರಾವದಲ್ಲಿ ಹೊರಬರುತ್ತಲೇ ಇರಬಹುದು. ಅಂಥ ಹಸು ದಲ್ಲಾಳಿಯ ಕೈಸೇರಿ, ಜಾತ್ರೆಯಲ್ಲಿ ಹಾಲು ಕರೆದು ತೋರಿಸಿ ಮಾರಾಟವಾಗುತ್ತದೆ. 2009ರ ಪ್ರಾಣಿರೋಗ ನಿಯಂತ್ರಣ ಕಾಯ್ದೆಯಂತೆ, ರೋಗವಿದೆಯೆಂದು ತಿಳಿದ ದನವನ್ನು ಸಂತೆಗೆ ತರುವುದು ನಿಷಿದ್ಧ. ಪರೀಕ್ಷೆಯನ್ನೇ ಮಾಡಿಸದವನಿಗೆ ತಿಳಿಯುವುದಾದರೂ ಹೇಗೆ? ಅಜ್ಞಾನವೇ ಲಾಭವಾಗಿರುವ ವ್ಯಾಪಾರವಿದು.

ಹಾಗಾದರೆ ರೈತನೇ ಅಪರಾಧಿಯೇ? ಹಾಲಿನ ಗುರಿ ಕೊಟ್ಟು, ಸಾಲ ಸಹಾಯಧನ ಕೊಟ್ಟು, ಹೆಚ್ಚು ಹಾಲಿನ ಹಸುಗಳನ್ನು ಘಟ್ಟಕ್ಕೆ ಹತ್ತಿಸುವವರು ವಿಮೆಯ ಕಾಗದ ಕೇಳುವಾಗ ಒಂದು ಹನಿ ರಕ್ತದ ವರದಿಯನ್ನೂ ಏಕೆ ಕೇಳಬಾರದು? ರೋಗ ಪತ್ತೆಯಾದ ಹಸುವಿಗೆ ಬಿಡಿಗಾಸಿನ ಪರಿಹಾರವಿಲ್ಲದಿದ್ದರೆ ಬಡವ ಅದನ್ನು ಮುಚ್ಚಿಟ್ಟು ಮಾರದೆ ಏನು ಮಾಡಿಯಾನು? ಆಸ್ಟ್ರೇಲಿಯಾ 1970ರಲ್ಲಿ ಆಂದೋಲನ ಆರಂಭಿಸಿ, ಸೋಂಕಿನ ದನಗಳನ್ನು ಕಡಿದು, ಮಾಲೀಕರಿಗೆ ಪರಿಹಾರ ಕೊಟ್ಟು, 1989ರಲ್ಲಿ ಈ ರೋಗದಿಂದ ಮುಕ್ತವಾಯಿತು. ಕಡಿಯುವುದು ನಮ್ಮ ಸಮಾಜಕ್ಕೆ ಒಪ್ಪಿತವಲ್ಲ ಎನ್ನುವುದಾದರೆ ಒಳ್ಳೆಯದು. ಆ ಹಸುಗಳನ್ನು ಪ್ರತ್ಯೇಕವಾಗಿ ಸಾಕುವ ಖರ್ಚನ್ನು ಸಮಾಜವೇ ಹೊರಲಿ. ಗೋಭಕ್ತಿ ಎಲ್ಲರದು, ನಷ್ಟ ಮಾತ್ರ ಒಬ್ಬನದು ಎಂಬ ನ್ಯಾಯ ನಡೆಯದು.

2019ರ ಸೆಪ್ಟೆಂಬರಿನಲ್ಲಿ ಮಥುರಾದಲ್ಲಿ ಚಾಲನೆ ಪಡೆದ ರಾಷ್ಟ್ರೀಯ ಕಾರ್ಯಕ್ರಮಕ್ಕೆ, ಕಾಲುಬಾಯಿ ಜ್ವರವೂ ಸೇರಿದಂತೆ, ಐದು ವರ್ಷಕ್ಕೆ 13,343 ಕೋಟಿ ರೂಪಾಯಿ ಘೋಷಿಸಲಾಯಿತು. 4ರಿಂದ 8 ತಿಂಗಳ ಎಲ್ಲ ಹೆಣ್ಣು ಕರುಗಳಿಗೆ ಒಮ್ಮೆ ಲಸಿಕೆ ಹಾಕಬೇಕೆಂಬುದು ಅದರ ಗುರಿ. ಗುರಿ ಸರಿಯಾದುದೇ. ಆದರೆ ಲೆಕ್ಕ ಹಾಕಿ ನೋಡಿ: ವರ್ಷವಿಡೀ ಕರುಗಳು ಹುಟ್ಟುವ ಊರಿನಲ್ಲಿ ವರ್ಷಕ್ಕೊಂದೇ ಶಿಬಿರ ನಡೆದರೆ, ನಾಲ್ಕು ತಿಂಗಳ ಈ ಅವಧಿಯಲ್ಲಿ ಸಿಕ್ಕುವುದು ಮೂರರಲ್ಲಿ ಒಂದು ಕರು. ಗಬ್ಬದ ಹಸುವಿಗೆ ಈ ಜೀವಂತ ಲಸಿಕೆ ಹಾಕುವಂತಿಲ್ಲ, ತಪ್ಪಿದ್ದು ತಪ್ಪಿದಂತೆಯೇ.

ಇನ್ನು ನಮ್ಮವರಿಗೂ ಎರಡು ಮಾತು ಹೇಳಬೇಕು. ಪರಿಸರದ ಹೆಸರಿನಲ್ಲಿ ನಾವು ಕೆಲವರು “ದೇಸಿ ಹಸುವಿಗೆ ರೋಗವಿಲ್ಲ, ಹಸಿ ಹಾಲು ಅಮೃತ” ಎಂದು ಸಾರುತ್ತಿದ್ದೇವೆ. ಮಲೆನಾಡು ಗಿಡ್ಡದ ಮೇಲೆ ನನಗೂ ಪ್ರೀತಿಯಿದೆ. ಆ ಪ್ರೀತಿ ರೋಗಾಣುವಿಗೆ ತಿಳಿಯದು. ನಮ್ಮ ಕೊಟ್ಟಿಗೆಯ ಗಿಡ್ಡಗಳೇ ಅದಕ್ಕೆ ಸಾಕ್ಷಿ. ಹಾಲನ್ನು ಕುದಿಸಿದರೆ ಈ ರೋಗಾಣು ಸಾಯುತ್ತದೆ. ನಮ್ಮ ಅಜ್ಜಿಯರು ಹಾಲು ಕಾಯಿಸದೆ ಕೊಟ್ಟವರಲ್ಲ. ಪರಂಪರೆಯೆಂದರೆ ಅದೂ ಹೌದು.

ಆದ್ದರಿಂದ ಬಂಧುಗಳೇ, ಗ್ರಾಮಸಭೆಗಳಲ್ಲಿ ಎದ್ದು ನಿಂತು ಇಷ್ಟನ್ನು ಕೇಳೋಣ. ಪ್ರತಿ ಹಾಲು ಸಹಕಾರ ಸಂಘದಲ್ಲಿ ಮೂರು ತಿಂಗಳಿಗೊಮ್ಮೆ ಹಾಲಿನ ಉಂಗುರ ಪರೀಕ್ಷೆ ನಡೆಯಲಿ. ಬಣ್ಣ ಹಾಕಿದ ಸತ್ತ ರೋಗಾಣುವನ್ನು ಹಾಲಿಗೆ ಬೆರೆಸಿಟ್ಟರೆ, ಸೋಂಕಿನ ಹಾಲಿನಲ್ಲಿ ಕೆನೆಯ ಪದರ ನೀಲಿ ಉಂಗುರವಾಗುತ್ತದೆ. ಇದು ಅಗ್ಗದ ಪರೀಕ್ಷೆ. ಉಂಗುರ ಕಂಡಲ್ಲಿ ಮಾತ್ರ ಮನೆಮನೆಯ ರಕ್ತ ಪರೀಕ್ಷೆ ಸಾಕು. ಸಾಲದಲ್ಲಿ ಕೊಳ್ಳುವ ಪ್ರತಿ ಹಸುವಿಗೂ ಪರೀಕ್ಷೆ ಕಡ್ಡಾಯವಾಗಲಿ. ಲಸಿಕೆ ಹಾಕುವವರು ವರ್ಷಕ್ಕೆ ಮೂರು ಬಾರಿಯಾದರೂ ಬರಲಿ. ಸೋಂಕು ಕಂಡ ಹಸುವಿಗೆ ಪರಿಹಾರ ಸಿಗಲಿ. ಕೊಟ್ಟಿಗೆಯ ಕೆಲಸಗಾರರಿಗೆ ಕೈಗವಸು, ಜ್ವರ ಬಂದರೆ ಈ ರೋಗದ ಪರೀಕ್ಷೆ ದೊರೆಯಲಿ.

ನಾವಾಗಿಯೇ ಮಾಡಬೇಕಾದದ್ದೂ ಉಂಟು. ತಂದ ಹಸುವನ್ನು ಒಂದು ತಿಂಗಳು ಬೇರೆ ಕಟ್ಟಿ, ಮತ್ತೊಮ್ಮೆ ಪರೀಕ್ಷಿಸಿಯೇ ಕೊಟ್ಟಿಗೆಗೆ ಸೇರಿಸೋಣ. ಕಂದು, ಮಾಸುಗಳನ್ನು ಸುಣ್ಣ ಸುರಿದು ಆಳವಾಗಿ ಹೂಳೋಣ. ಕಂದು ಹಾಕಿದ ಹಸುವನ್ನು ಮಾರುವ ಮುನ್ನ, ಅದನ್ನು ಕೊಳ್ಳುವ ಮನೆಯಲ್ಲೂ ಬರಿಗೈಯಲ್ಲಿ ಮಾಸು ತೆಗೆಯುವ ಒಬ್ಬ ಹೆಂಗಸು ಇರುತ್ತಾಳೆಂಬುದನ್ನು ನೆನೆಯೋಣ.