75,563 ಎಕರೆ ಮುಳುಗುವ ಮುನ್ನ 755 ಎಕರೆ ಹುಡುಕಿ

ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು 524.256 ಮೀಟರ್‌ವರೆಗೆ ನಿಂತರೆ ಮುಳುಗುವ ಜಮೀನು 75,563 ಎಕರೆ. ನೀರಾವರಿ ಹೊಲಕ್ಕೆ ಎಕರೆಗೆ 40 ಲಕ್ಷ, ಒಣ ಹೊಲಕ್ಕೆ 30 ಲಕ್ಷ ಎಂದು 2025ರ ಸೆಪ್ಟೆಂಬರ್‌ನಲ್ಲಿ ಸಂಪುಟ ತೀರ್ಮಾನಿಸಿದ ಮೇಲೆ ಕೊಲ್ಹಾರದಿಂದ ಬಾಗಲಕೋಟೆವರೆಗೆ ಮಾತೆಲ್ಲ ಆ ದರದ್ದೇ. ಆಗಲಿ. ಹಳೆಯ ಊರನ್ನೇ ನೀರಿಗೆ ಕೊಟ್ಟ ಕೊಲ್ಹಾರದವರು ಪರಿಹಾರಕ್ಕಾಗಿ ಎಷ್ಟು ಗಟ್ಟಿಯಾಗಿ ಕೇಳಿದರೂ ನ್ಯಾಯವೇ. ಆದರೆ ಬಾವಿ, ಗಿಡ, ಪೈಪ್‌ಲೈನ್ ಎಣಿಸುವ ನಾವು, ಅದೇ ಹೊಲದ ಮಣ್ಣಿನಲ್ಲಿರುವ ಇತಿಹಾಸವನ್ನು ಎಣಿಸುವ ಮಾತೇ ಎತ್ತುತ್ತಿಲ್ಲ. ನೀರು ಬರುವ ಮುಂಚೆ ಪುರಾತತ್ತ್ವ ಇಲಾಖೆ ಮೆಟಲ್ ಡಿಟೆಕ್ಟರ್ ಹಿಡಿದು ಈ ಹೊಲಗಳಿಗೆ ಇಳಿಯಬೇಕು.

ಇದು ನಿಧಿಗಳ್ಳರಿಗೆ ದಾರಿ ತೋರಿಸಿದಂತೆ ಎಂಬ ಆಕ್ಷೇಪ ಕೂಡಲೇ ಬರುತ್ತದೆ. ಅವರಿಗೆ ದಾರಿ ಎಂದೋ ಗೊತ್ತು, ಗೊತ್ತಿಲ್ಲದಿರುವುದು ಇಲಾಖೆಗೆ. ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದ ರೆಂಡಲ್‌ಶಾಮ್‌ನಲ್ಲಿ ಆದದ್ದೂ ಇದೇ. ರಾತ್ರಿ ಕಳ್ಳರು ಡಿಟೆಕ್ಟರ್ ತಂದು ಹೊಲ ಅಗೆಯುತ್ತಿದ್ದಾರೆ ಎಂದು ಜಮೀನಿನ ಒಡೆಯರು ದೂರಿದಾಗ ಅಲ್ಲಿನ ಪುರಾತತ್ತ್ವ ಸೇವೆಯವರು ಕಾವಲು ಹಾಕಿ ಸುಮ್ಮನಾಗಲಿಲ್ಲ, ತಾವೇ ಸರ್ವೆಗೆ ಇಳಿದರು. 2008ರಿಂದ 2014ರವರೆಗೆ, ಬೆರಳೆಣಿಕೆಯ ನುರಿತ ಶೋಧಕರು, ಸುಮಾರು 150 ಹೆಕ್ಟೇರ್. ಸಿಕ್ಕ ಪ್ರತಿ ಚೂರಿನ ಜಾಗವನ್ನೂ ನಕ್ಷೆಯಲ್ಲಿ ಗುರುತಿಸಿದರು. ಎಂಟನೇ ಶತಮಾನದ ಇತಿಹಾಸಕಾರ ಬೀಡ್ ಹೆಸರಿಸಿದ್ದ ರಾಜರ ನೆಲೆ ಎಲ್ಲಿತ್ತು ಎಂಬುದು ಹಾಗೆ ತಿಳಿಯಿತು.

ಎಲ್ಲರೂ ದಾಟಿಹೋಗುವ ಅಂಕಿ ಈ 150 ಹೆಕ್ಟೇರ್. ನಮ್ಮ ಲೆಕ್ಕದಲ್ಲಿ ಸುಮಾರು 370 ಎಕರೆ. ಮುಳುಗಲಿರುವುದು ಅದರ ಇನ್ನೂರು ಪಟ್ಟು. ಎಲ್ಲ ಹೊಲ ಜಾಲಾಡುತ್ತೇವೆ ಎನ್ನುವುದು ಸುಳ್ಳು ಭರವಸೆ, ಏನೂ ಮಾಡಲಾಗದು ಎನ್ನುವುದು ಸೋಮಾರಿತನ. ನೂರಕ್ಕೆ ಒಂದು ಎಕರೆ ಹಿಡಿದರೂ 755 ಎಕರೆ, ಅಂದರೆ ಎರಡು ರೆಂಡಲ್‌ಶಾಮ್. ಹಾಳೂರುಗಳ ದಿಬ್ಬ, ನದಿ ದಾಟುತ್ತಿದ್ದ ಹಳೆಯ ಕಡವು, ಪಾಳುಗುಡಿಯ ಸುತ್ತಲಿನ ಹೊಲ: ಎಲ್ಲಿ ಹುಡುಕಬೇಕೆಂದು ಊರಿನ ಹಿರಿಯರನ್ನು ಕೇಳಿದರೆ ಬೆರಳು ಮಾಡಿ ತೋರಿಸುತ್ತಾರೆ.

ಹುಡುಕಬೇಕಾದ್ದು ಬಂಗಾರವನ್ನಲ್ಲ. ಉದಾಹರಣೆಗೆ, ಅಣೆಕಟ್ಟಿನ ಕೆಳಗಡೆ ಮುದ್ದೇಬಿಹಾಳ ಸೀಮೆಯ ತಂಗಡಗಿಯನ್ನೇ ನೋಡಿ. 1565ರ ಜನವರಿಯಲ್ಲಿ ವಿಜಯನಗರಕ್ಕೂ ಸುಲ್ತಾನರಿಗೂ ಕದನ ನಡೆದ ಬಯಲು ಯಾವುದು ಎಂಬ ವಾದ ಇನ್ನೂ ಮುಗಿದಿಲ್ಲ. ರಕ್ಕಸಗಿ–ತಂಗಡಗಿ ಎನ್ನುವವರಿದ್ದಾರೆ, ಇತಿಹಾಸಕಾರ ರಾಬರ್ಟ್ ಸೀವೆಲ್ ಅದನ್ನು ನದಿಯ ದಕ್ಷಿಣಕ್ಕೆ, ಮುದಗಲ್ ದಾರಿಗೆ ಒಯ್ದ. ಸುಲ್ತಾನರ ಕಡೆಯ 600 ತೋಪುಗಳ ಮುಂದೆ ವಿಜಯನಗರದ ಸೇನೆ ಹತ್ತಿರವಾದಾಗ ಆ ತೋಪುಗಳ ಮುಖ್ಯಸ್ಥ ರೂಮಿ ಖಾನ್ ತಾಮ್ರದ ದುಡ್ಡಿನ ಚೀಲಗಳನ್ನೇ ತುಂಬಿ ಹಾರಿಸಿದ ಎಂದು ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಅದು ನಿಜವಾಗಿದ್ದರೆ, ಬಾಗಿ ಚಪ್ಪಟೆಯಾದ ಆ ದುಡ್ಡುಗಳು ಯಾವುದೋ ಹೊಲದಲ್ಲಿ ಸಾಲುಗಟ್ಟಿ ಬಿದ್ದಿರಬೇಕು. ಅಕ್ಕಸಾಲಿಗನ ತಕ್ಕಡಿಯಲ್ಲಿ ಅವಕ್ಕೆ ಬೆಲೆಯಿಲ್ಲ. ಆದರೆ ಎಲ್ಲೆಲ್ಲಿ ಬಿದ್ದಿವೆ ಎಂದು ಗುರುತು ಹಾಕಿದರೆ ತೋಪುಗಳು ಎಲ್ಲಿ ನಿಂತಿದ್ದವೆಂದು ಹೇಳಬಹುದು. ಯಾರೋ ಆರಿಸಿ ಜೇಬಿಗಿಳಿಸಿದರೆ ಆ ಪುರಾವೆ ಅಲ್ಲಿಗೆ ಮುಗಿಯಿತು.

ಡಿಟೆಕ್ಟರ್‌ಗೂ ಮಿತಿಗಳಿವೆ. ಎರಿ ಮಣ್ಣಿನ ಖನಿಜಕ್ಕೆ ಯಂತ್ರ ಸುಮ್ಮಸುಮ್ಮನೆ ಕೂಗುತ್ತದೆ. ಮುರಿದ ಕುಳ, ಮೊಳೆ, ಗುಟ್ಕಾ ಚೀಟಿಗೂ ಕೂಗುತ್ತದೆ. ನಾಣ್ಯದಷ್ಟು ಸಣ್ಣ ವಸ್ತುವಾದರೆ ಹೆಚ್ಚುಕಡಿಮೆ ಒಂದು ಗೇಣಿನ ಆಳಕ್ಕಷ್ಟೇ ಅದರ ಆಟ. ಆಳದ ಈ ಮಿತಿ ದೋಷವಲ್ಲ, ರಕ್ಷಣೆ. ನೇಗಿಲು ಆಗಲೇ ಕದಡಿದ ಮಣ್ಣನ್ನಷ್ಟೇ ಮುಟ್ಟಬೇಕು, ಕೆಳಗಿನ ಪದರ ಉತ್ಖನನಕ್ಕೆ ಬಿಡಬೇಕು ಎಂಬ ನಿಯಮವನ್ನು ಆದೇಶದಲ್ಲೇ ಬರೆಯಬಹುದು.

ಇದೇ ಕೃಷ್ಣೆಯ ನಾಗಾರ್ಜುನಸಾಗರಕ್ಕೆ ನೀರು ತುಂಬುವ ಮುಂಚೆ, 1954ರಿಂದ 1960ರವರೆಗೆ, ಕೇಂದ್ರ ಪುರಾತತ್ತ್ವ ಇಲಾಖೆ ನಾಗಾರ್ಜುನಕೊಂಡದ ಕಣಿವೆಯನ್ನು ಅಗೆದು ದಾಖಲಿಸಿತು. ಎಪ್ಪತ್ತು ವರ್ಷದ ಹಿಂದೆ ಆದದ್ದು ಇಂದು ಆಗದು ಎನ್ನಲು ಯಾರಿಗೂ ಬಾಯಿಲ್ಲ.

ಅವಕಾಶವೂ ಎದುರಿಗಿದೆ. ಪರಿಹಾರ ಸಂದಾಯವಾಗಿ ಹೊಲ ಸರ್ಕಾರದ ಹೆಸರಿಗೆ ಬಂದ ಮೇಲೆ ನೀರು ನಿಲ್ಲುವವರೆಗೆ ಬೇಸಿಗೆಗಳು ಸಿಗುತ್ತವೆ. ಬಿಳಿಜೋಳದ ರಾಶಿ ಮುಗಿದು ಮುಂಗಾರು ಬೀಳುವವರೆಗಿನ ತಿಂಗಳುಗಳಲ್ಲಿ ಬೆಳೆ ಹಾಳಾಗುವ ಮಾತಿಲ್ಲ, ಒಡೆತನದ ತಕರಾರಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು, ಆ ಹೊಲ ಉತ್ತ ರೈತರನ್ನೇ ದಿನಗೂಲಿ ಕೊಟ್ಟು ಸೇರಿಸಿಕೊಳ್ಳಬಹುದು. ಭೂಸ್ವಾಧೀನದ ಬಜೆಟ್‌ನಲ್ಲೇ ಇದಕ್ಕೆ ಹಣ ಮೀಸಲಿಡಬೇಕು, ಅದೂ ಮೊದಲ ಕಂತಿನಲ್ಲೇ.