'ಬಂದ ಹುಡುಗ' ಇಂಗ್ಲಿಷಿನ ಹೊಸ್ತಿಲಲ್ಲಿ ಎಡವುವುದೇಕೆ?



ಇಂಗ್ಲಿಷ್ ಬೇಡ ಎಂದು ಕೂಗುವ ಸಂಪಾದಕೀಯ ಇದಲ್ಲ. ಇಂಗ್ಲಿಷ್ ಕಲಿಯಿರಿ, ಚೆನ್ನಾಗಿಯೇ ಕಲಿಯಿರಿ. ಆದರೆ ಅದನ್ನು ಕಲಿಸುವ ನೆಪದಲ್ಲಿ ನಿಮ್ಮ ತಲೆಯೊಳಗಿನ ಕನ್ನಡಕ್ಕೆ ಬೀಗ ಜಡಿಯುತ್ತಾರಲ್ಲ, ಆ ಅನ್ಯಾಯವನ್ನು ಇನ್ನೆಷ್ಟು ದಿನ ಸಹಿಸುವುದು?

ನಾನು ಪಿ.ಯು.ಸಿ. ಓದಿ ಪ್ರೆಸ್ಸು ನಡೆಸುವವನು. ಕೆಲಸ ಹುಡುಕುವ ಹುಡುಗ ಹುಡುಗಿಯರ ಬಯೋಡೇಟಾ, ಅರ್ಜಿ, ಪ್ರಾಜೆಕ್ಟ್ ವರದಿ ದಿನವೂ ನನ್ನ ಕಣ್ಣ ಮುಂದೆ ಹಾದುಹೋಗುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿದವರ ಇಂಗ್ಲಿಷಿನಲ್ಲಿ ಒಂದು ಲಕ್ಷಣ ಎದ್ದು ಕಾಣುತ್ತದೆ. 'ಐ ವರ್ಕ್ಡ್ ಇನ್ ಎ ಶಾಪ್. ದ ಶಾಪ್ ಈಸ್ ಇನ್ ರಾಜಾಜಿನಗರ್. ದ ಶಾಪ್ ಸೆಲ್ಸ್ ಮೊಬೈಲ್ಸ್.' ಒಂದು ತಪ್ಪೂ ಇಲ್ಲ. ಆದರೆ ಎಲ್ಲ ತುಂಡು ತುಂಡು! ಅದೇ ಹುಡುಗನನ್ನು ಕನ್ನಡದಲ್ಲಿ ಕೇಳಿ ನೋಡಿ. 'ರಾಜಾಜಿನಗರದಲ್ಲಿ ಮೊಬೈಲ್ ಮಾರುವ ಒಂದು ಅಂಗಡಿಯಲ್ಲಿ ಕೆಲಸ ಮಾಡಿದ್ದೆ ಸಾರ್' ಎಂದು ಒಂದೇ ಉಸಿರಿಗೆ ಹೇಳುತ್ತಾನೆ. ಇಂಟರ್‌ವ್ಯೂನಲ್ಲಿ ಕುಳಿತ ದೊಡ್ಡ ಮನುಷ್ಯನಿಗೆ ಈ ಎರಡನೆಯ ಹುಡುಗ ಕಾಣುವುದೇ ಇಲ್ಲ. 'ಇವನ ಯೋಚನೆಯೇ ಇಷ್ಟು' ಎಂದು ಷರಾ ಬರೆದು ಮುಂದಿನವನನ್ನು ಕರೆಯುತ್ತಾನೆ.

ಇದು ಬುದ್ಧಿಯ ಕೊರತೆಯೇ? ಖಂಡಿತ ಅಲ್ಲ. ಇಂಗ್ಲಿಷಿನ 'ರಿಲೇಟಿವ್ ಕ್ಲಾಜ್' ಎಂಬ ಒಂದೇ ಒಂದು ಗಂಟನ್ನು ನಮ್ಮ ಮಕ್ಕಳಿಗೆ ಯಾರೂ ಬಿಡಿಸಿ ತೋರಿಸಿಲ್ಲ.

ಗಂಟು ಎಲ್ಲಿದೆ ನೋಡಿ. ನಾವು 'ನಿನ್ನೆ ಬಂದ ಹುಡುಗ' ಎನ್ನುತ್ತೇವೆ. ವಿವರ ಮೊದಲು, ಹುಡುಗ ಕೊನೆಗೆ. ಇಂಗ್ಲಿಷಿನವನು 'ದ ಬಾಯ್ ಹೂ ಕೇಮ್ ಯೆಸ್ಟರ್‌ಡೇ' ಎನ್ನುತ್ತಾನೆ. ಹುಡುಗ ಮೊದಲು, ವಿವರ ಅವನ ಹಿಂದೆ ಬಾಲದಂತೆ. ನಮಗೆ ಈ ಕೆಲಸಕ್ಕೆ 'ಹೂ', 'ವಿಚ್' ಎಂಬ ಕೊಂಡಿಗಳೇ ಬೇಡ. ಹೈಸ್ಕೂಲಿನಲ್ಲಿ ಕೃದಂತ ಎಂದು ಓದಿದ್ದೀರಲ್ಲ, ಮಾಡಿದ, ಮಾಡುವ, ಮಾಡದ? ಅದೇ ನಮ್ಮ ಸಾಧನ. ಈ ಮೂರು ರೂಪಗಳಲ್ಲಿ ಕನ್ನಡ ಇಡೀ ವಾಕ್ಯವನ್ನೇ ಮಡಿಸಿ ಒಂದು ನಾಮಪದದ ಮುಂದೆ ಇಡುತ್ತದೆ.

ಇದನ್ನು ಹೇಳಬೇಕಾದ ಮೇಷ್ಟ್ರು ಏನು ಹೇಳುತ್ತಾರೆ? 'ಹೂ ಅಂದರೆ ಯಾರು, ವಿಚ್ ಅಂದರೆ ಯಾವುದು.' ಅಷ್ಟೇ! ಪ್ರಶ್ನೆ ಕೇಳುವ ಪದದ ಅರ್ಥವನ್ನು ಕೊಂಡಿ ಪದಕ್ಕೆ ಅಂಟಿಸಿಬಿಡುತ್ತಾರೆ. ಗೈಡುಗಳಲ್ಲಿ 'ಯಾವ ಹುಡುಗನು ನಿನ್ನೆ ಬಂದನೋ ಆ ಹುಡುಗನು' ಎಂಬ ಅನುವಾದ. ಯಾವ ಮನೆಯಲ್ಲಿ, ಯಾವ ಬೀದಿಯಲ್ಲಿ ಹೀಗೆ ಮಾತಾಡುತ್ತೇವೆ ಸ್ವಾಮಿ? 'ಯಾವನು... ಅವನು' ಎಂದು ಜೋಡಿ ಕಟ್ಟುವುದು ಸಂಸ್ಕೃತ, ಹಿಂದಿಗಳ ನಿತ್ಯದ ದಾರಿ. ಕನ್ನಡದಲ್ಲೂ ಅದು ಉಂಟು, ಆದರೆ ನಮ್ಮ ದಿನದ ಮಾತಿನ ದಾರಿ 'ಬಂದ ಹುಡುಗ'. ಆ ಅನುವಾದ ನೆಚ್ಚಿಕೊಂಡ ವಿದ್ಯಾರ್ಥಿ 'ದ ಬಾಯ್ ಹೂ ಕೇಮ್ ಯೆಸ್ಟರ್‌ಡೇ ಹೀ ಈಸ್ ಮೈ ಫ್ರೆಂಡ್' ಎಂದು ಬರೆಯುತ್ತಾನೆ. ಆ ಹೆಚ್ಚಿನ 'ಹೀ' ಬಂದದ್ದು 'ಆ ಹುಡುಗನು' ಎಂಬಲ್ಲಿಂದ. ಗೈಡು ಕೊಟ್ಟ ತಪ್ಪಿಗೆ ಹುಡುಗನ ಮಾರ್ಕ್ಸ್ ಕಟ್!

ಇನ್ನೊಂದು ಗುಟ್ಟು ಕೇಳಿ. ನಾನು ಬರೆದ ಕಾಗದ, ನಾನು ಬರೆದ ಪೆನ್ನು, ನಾನು ಬರೆದ ಮೇಜು. ಮೂರಕ್ಕೂ ಒಂದೇ 'ಬರೆದ'. ಕಾಗದವನ್ನು ಬರೆದೆ, ಪೆನ್ನಿನಿಂದ ಬರೆದೆ, ಮೇಜಿನ ಮೇಲೆ ಬರೆದೆ ಎಂಬ ವ್ಯತ್ಯಾಸವನ್ನು ಕೇಳುವವನೇ ತಿಳಿದುಕೊಳ್ಳುತ್ತಾನೆ. ಇಂಗ್ಲಿಷಿಗೆ ಆ ನಂಬಿಕೆಯಿಲ್ಲ. 'ದ ಲೆಟರ್ ವಿಚ್ ಐ ರೋಟ್' ಸರಿ. ಆದರೆ ಪೆನ್ನಿಗೆ 'ದ ಪೆನ್ ವಿಚ್ ಐ ರೋಟ್ ವಿತ್', ಮೇಜಿಗೆ 'ದ ಟೇಬಲ್ ವಿಚ್ ಐ ರೋಟ್ ಆನ್' ಎನ್ನಲೇಬೇಕು. 'ನಾನಿರುವ ಮನೆ'ಯನ್ನು 'ದ ಹೌಸ್ ವಿಚ್ ಐ ಲಿವ್' ಎಂದು ಬರೆದು 'ಇನ್' ಬಿಟ್ಟವನು ದಡ್ಡನಲ್ಲ. ಕನ್ನಡ ಬಿಡುವುದನ್ನು ಅವನೂ ಬಿಟ್ಟ. 'ಅಲ್ಲಿ ನಾವು ಬಿಡುತ್ತೇವೆ, ಇಲ್ಲಿ ಇವರು ಇಟ್ಟುಕೊಳ್ಳುತ್ತಾರೆ' ಎಂದು ಒಂದು ಮಾತು ಕನ್ನಡದಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು. ಹೇಳುವ ಹಾಗಿಲ್ಲ, ತರಗತಿಯಲ್ಲಿ ಕನ್ನಡ ಆಡಿದರೆ ದಂಡ! ಕನ್ನಡ ನೆಲದಲ್ಲಿ ಕನ್ನಡಕ್ಕೆ ದಂಡ!

ಇದು ನಮ್ಮೊಬ್ಬರ ಕಷ್ಟವೂ ಅಲ್ಲ. ಜಪಾನಿ ಭಾಷೆಯೂ, ಚೀನಿ ಭಾಷೆಯೂ ನಮ್ಮಂತೆಯೇ ವಿವರವನ್ನು ನಾಮಪದದ ಮುಂದಿಡುತ್ತವೆ. 1974ರಲ್ಲಿ ಅಮೆರಿಕದ ಜಾಕ್ವೆಲಿನ್ ಶಾಕ್ಟರ್ ಎಂಬ ವಿದ್ವಾಂಸೆ ಜಪಾನಿ, ಚೀನಿ, ಪರ್ಷಿಯನ್, ಅರಬ್ಬಿ ವಿದ್ಯಾರ್ಥಿಗಳ ಇಂಗ್ಲಿಷ್ ಬರವಣಿಗೆಯನ್ನು ಹೋಲಿಸಿದರು. ಜಪಾನಿ, ಚೀನಿ ವಿದ್ಯಾರ್ಥಿಗಳ ರಿಲೇಟಿವ್ ಕ್ಲಾಜುಗಳಲ್ಲಿ ತಪ್ಪು ಕಡಿಮೆ. ಏಕೆ? ಅವರು ಅಂಥ ವಾಕ್ಯ ಬರೆದದ್ದೇ ಕಡಿಮೆ! ಕಷ್ಟವಾದದ್ದನ್ನು ತಪ್ಪಿಸಿಕೊಂಡು ಬರೆದಿದ್ದರು. ನಮ್ಮ ಹುಡುಗರ ತುಂಡು ವಾಕ್ಯಗಳ ಗುಟ್ಟೂ ಇದೇ. ಕೆಂಪು ಇಂಕಿನಲ್ಲಿ ತಪ್ಪು ಎಣಿಸುವ ಮೇಷ್ಟ್ರಿಗೆ ಇದು ಕಾಣುವುದಿಲ್ಲ. ಬರೆಯದೆ ಬಿಟ್ಟ ವಾಕ್ಯಕ್ಕೆ ಕೆಂಪು ಗೆರೆ ಎಳೆಯುವುದು ಹೇಗೆ?

ಹಾಗಾದರೆ ಕಲಿಸುವುದು ಹೇಗೆ? ಕನ್ನಡದಿಂದಲೇ ಶುರು ಮಾಡಿ. 'ನಾನು ನೋಡಿದ ಸಿನಿಮಾ' ಎಂದು ಬರೆಯಿರಿ. ಕೊನೆಯ ಪದ ಹಿಡಿದು ಮುಂದಕ್ಕೆ ತನ್ನಿ: ದ ಸಿನಿಮಾ. ಕೊಂಡಿ ಹಾಕಿ: ಮನುಷ್ಯನಾದರೆ 'ಹೂ', ವಸ್ತುವಾದರೆ 'ವಿಚ್', ಎರಡಕ್ಕೂ ಸಲ್ಲುವುದು 'ದಟ್'. ಉಳಿದದ್ದನ್ನು ಇಂಗ್ಲಿಷ್ ಕ್ರಮದಲ್ಲಿ ಜೋಡಿಸಿ: ದ ಸಿನಿಮಾ ದಟ್ ಐ ಸಾ. ಕೊನೆಗೆ ಎರಡು ತಪಾಸಣೆ. ಅದೇ ಸಿನಿಮಾವನ್ನು 'ಇಟ್' ಎಂದು ಮತ್ತೆ ತುರುಕಿದ್ದೀರಾ? ತೆಗೆಯಿರಿ. 'ಇನ್', 'ಆನ್', 'ವಿತ್' ಬೇಕಿದ್ದು ಬಿಟ್ಟಿದ್ದೀರಾ? ಸೇರಿಸಿ. ಮೊದಲು 'ಬಂದ ಹುಡುಗ', ಆಮೇಲೆ 'ನೋಡಿದ ಸಿನಿಮಾ', ಆಮೇಲೆ 'ಬರೆದ ಪೆನ್ನು', ಕಡೆಗೆ 'ಹೂಸ್'. ಸುಲಭದಿಂದ ಕಷ್ಟಕ್ಕೆ ಹೋಗುವ ಈ ಏಣಿಗೂ ಆಧಾರ ಉಂಟು. ಕೀನನ್ ಮತ್ತು ಕಾಮ್ರಿ ಎಂಬ ಭಾಷಾವಿಜ್ಞಾನಿಗಳು ಜಗತ್ತಿನ ಹಲವು ಭಾಷೆಗಳನ್ನು ನೋಡಿ 1977ರಲ್ಲಿ ಇಂಥದೇ ಮೆಟ್ಟಿಲು ಗುರುತಿಸಿದ್ದರು.

ಮುದ್ರಕನಾಗಿ ಇನ್ನೊಂದು ಮಾತು ಹೇಳದೆ ಬಿಡಲಾರೆ. ಅಲ್ಪವಿರಾಮ! 'ಗೈರುಹಾಜರಾದ ನೌಕರರಿಗೆ ದಂಡ' ಎಂಬುದನ್ನು ಇಂಗ್ಲಿಷಿನಲ್ಲಿ ಕಾಮಾ ಇಲ್ಲದೆ ಅಚ್ಚು ಹಾಕಿದರೆ ಬಾರದವರಿಗೆ ಮಾತ್ರ ದಂಡ. 'ಹೂ' ಹಿಂದೆ ಒಂದು, ವಿವರ ಮುಗಿದ ಮೇಲೆ ಒಂದು ಕಾಮಾ ಬಿದ್ದರೆ ನೌಕರರೆಲ್ಲರೂ ಗೈರುಹಾಜರು, ಎಲ್ಲರಿಗೂ ದಂಡ! ಕನ್ನಡದ ವಾಕ್ಯದಲ್ಲಿ ಈ ಕೆಲಸಕ್ಕೆ ಕಾಮಾ ಇಲ್ಲ. ಆದ್ದರಿಂದ ನಮ್ಮವರ ಕಣ್ಣಿಗೆ ಅದು ಬೀಳುವುದೂ ಇಲ್ಲ. ನಾಳೆ ನೀವು ಸಹಿ ಹಾಕುವ ಕರಾರು ಪತ್ರದಲ್ಲಿ ಈ ಸಣ್ಣ ಕೊಕ್ಕೆ ಎಲ್ಲಿದೆ ಎಂದು ನೋಡುವುದನ್ನು ಇವತ್ತೇ ಕಲಿಯಿರಿ.

2007-08ರಿಂದ ಸರ್ಕಾರಿ ಕನ್ನಡ ಶಾಲೆಗಳಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ಮಕ್ಕಳ ಮನೆಮಾತು ತರಗತಿಯ ಸಂಪತ್ತು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಒಪ್ಪಿಕೊಂಡಿದೆ. ಹೀಗಿರುವಾಗ ಕನ್ನಡವನ್ನು ತರಗತಿಯ ಹೊರಗೆ ನಿಲ್ಲಿಸುವ ಅಧಿಕಾರ ಯಾರಿಗೆ, ಯಾರು ಕೊಟ್ಟರು? ನಮ್ಮ ಬೇಡಿಕೆ ದೊಡ್ಡದಲ್ಲ. ಕನ್ನಡದ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಶಿಕ್ಷಕರಿಗೆ ಕನ್ನಡ ವ್ಯಾಕರಣ ಗೊತ್ತಿರಬೇಕು. ಎರಡು ಭಾಷೆಗಳನ್ನು ಪಕ್ಕಪಕ್ಕ ಇಟ್ಟು ತೋರಿಸುವ ಪುಸ್ತಕ ಶಾಲೆಗೆ ಬರಬೇಕು. ಕನ್ನಡ ಆಡಿದ್ದಕ್ಕೆ ದಂಡ ಹಾಕುವ ಚಾಳಿ ನಿಲ್ಲಬೇಕು.

ಅಲ್ಲಿಯವರೆಗೆ ಕಾದು ಕೂರಬೇಡಿ ಗೆಳೆಯರೇ. ನಿಮ್ಮ ಸಂಘದ ಕಚೇರಿಯಲ್ಲಿ, ಓಣಿಯ ವಾಚನಾಲಯದಲ್ಲಿ ಸಂಜೆ ನಾಲ್ಕು ಜನ ಕೂಡಿ. ದಿನಕ್ಕೆ ಹತ್ತು 'ಬಂದ ಹುಡುಗ'ರನ್ನು ಆಚೆ ದಾಟಿಸಿ. ತಿಂಗಳೊಳಗೆ ನಿಮ್ಮ ತುಂಡು ವಾಕ್ಯಗಳು ಒಂದಕ್ಕೊಂದು ಕೈ ಹಿಡಿಯುತ್ತವೆ. ಕನ್ನಡ ಬಲ್ಲವನು ಇಂಗ್ಲಿಷಿಗೆ ಹೆದರಬೇಕಾಗಿಲ್ಲ. ಕೀಳರಿಮೆ ಬಿಡಿ, ಕನ್ನಡ ಹಿಡಿದೇ ಇಂಗ್ಲಿಷ್ ಗೆಲ್ಲಿ!

ಜೈ ಕನ್ನಡ!